ಆ್ಯಕ್ಸಲ್ ಶಟ್ಟೆಪ್ಪ

ಬೈಲಹೊಂಗಲದಲ್ಲಿ ಹಳೆಯ ಕಾರಿನ ಹಿಂದಿನ ಆ್ಯಕ್ಸಲ್ ಕೂಗತೊಡಗಿದರೆ ಶಟ್ಟೆಪ್ಪ ಮಿಸ್ತ್ರಿಯೇ ಬೇಕು. ಆ್ಯಕ್ಸಲ್ ನಡುವಿನ ಡಿಫರೆನ್ಸಿಯಲ್ ಗೇರುಡಬ್ಬಿ ಬಿಚ್ಚಿ, ಮುಂಬಯಿಯಿಂದ ತರಿಸಿದ ಜೋಡಿ ಗೇರು ಕೂಡಿಸಿ, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಹಲ್ಲಿಗೆ ಹಲ್ಲು ತಾಗಿದ ಗುರುತು ನಟ್ಟನಡುವೆ ಬೀಳುವ ತನಕ ಮತ್ತೆ ಮತ್ತೆ ಬಿಚ್ಚುತ್ತಾರೆ. ಯಾರಾದರೂ ಅವಸರ ಮಾಡಿದರೆ, "ಹೆಣ್ಣು ಗಂಡು ಕೂಡಿಸೂದೈತ್ರಿ, ಹೊಂದಿಕಿ ನೋಡಬ್ಯಾಡೇನು? ಕುಂಡ್ರಿ, ಚಾ ಕುಡೀರಿ" ಅನ್ನುತ್ತಾರೆ. ಹಾಗೆ ಕೂತವರಿಗೆ ಗಡ್ಡ ಬೆಳೆದದ್ದುಂಟು. ಕಾರಿನ ಮಾಲೀಕರು ಸಂಪಗಾಂವ ರಸ್ತೆಯಲ್ಲಿ ಓಡಿಸಿ ನೋಡುವಾಗ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಕೂಡುತ್ತಾರೆ; ಹೆಂಡತಿ ಲಗಮವ್ವ ಅವರ ಪಕ್ಕ ಇರಲೇಬೇಕು. ಮೊನ್ನೆ ನಾನು ನನ್ನ ಕಾರು ಹಾಗೆ ಓಡಿಸುವಾಗ ಸಣ್ಣಗೆ ಸದ್ದು ಬಂತು. ಕನ್ನಡಿಯಲ್ಲಿ ನೋಡಿದೆ: ಲಗಮವ್ವ ಗಂಡನ ಕೈ ಅದುಮಿದರು. ಕೂಡಲೇ ಶಟ್ಟೆಪ್ಪ, "ಕೂಗಾಕ ಹತ್ತೇತಿ, ಹೊಳ್ಳಸ್ರಿ" ಎಂದರು. ಮಿಸ್ತ್ರಿಯ ಕಿವಿ ಮಂದವಾಗಿತ್ತು. ಸದ್ದು ಹಿಡಿಯುತ್ತಿದ್ದವರು ಲಗಮವ್ವ. ನಾನು ಕಾರು ತಿರುಗಿಸಿದೆ.