ಸ್ಕ್ರೂಡ್ರೈವರಿಗೆ ಕಿವಿಯಿಟ್ಟು

ಇವತ್ತು ಶಿವಮೊಗ್ಗದ ನನ್ನ ಮರಗೆಲಸದ ಶೆಡ್ಡಿನಲ್ಲಿ ಹಲಗೆ ನುಣುಪು ಮಾಡಲು ರಂದ ಹೊಡೆಯುವ ಮೆಷಿನ್ನಿನ ಮೋಟಾರಿಗೆ ಹೊಸ ಬೇರಿಂಗ್ ಹಾಕಿದೆವು. ಗ್ರೀಸಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಭದ್ರಾವತಿಯ ಹಳೇನಗರದ ಮೋಟಾರ್ ರಿಪೇರಿ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತಿದ್ದೆ.

ಮೆಷಿನ್ನುಗಳ ಗದ್ದಲಕ್ಕೆ ಅಪ್ಪನ ಕಿವಿ ಮಂದವಾಗಿತ್ತು. ಆದರೂ ಬೇರಿಂಗ್ ಬದಲಿಸಿದ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕಾಫಿ ತಂದ ಅಮ್ಮ ಕರೆದು ಕರೆದು ಸೋತು, ನನ್ನ ಕಡೆ ತಿರುಗುತ್ತಿದ್ದಳು.

"ನಾನು ಕೂಗಿದ್ರೂ ಕೇಳಲ್ಲ. ಆ ಬೇರಿಂಗ್ ಉಸಿರಾಡಿದ್ರೂ ಕೇಳುತ್ತೆ ಮಾರಾಯ್ತಿ, ನಿಮ್ಮಪ್ಪಂಗೆ!"

ಇವತ್ತು ನಾನೂ ಹಾಗೇ ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚಿದೆ. ನುಣ್ಣನೆಯ ಒಂದೇ ಗುಂಯ್‌ ಸದ್ದು. ಕಣ್ಣು ಬಿಟ್ಟರೆ ಎದುರಿಗೆ ಮಗಳು, ಕೈಯಲ್ಲಿ ಆರಿದ ಕಾಫಿ.

"ಆಗ್ಲಿಂದ ಕರೀತಿದ್ದೀನಿ ಕಣಮ್ಮಾ!"