ಕೆರೆ ಏರಿಯೊಳಗಿನ ನೀರು

ಎಂಎಸ್ಸಿ ಮುಗಿಸಿ ಅರಸೀಕೆರೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ನನಗೆ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧನಾ ಕೆಲಸದ ಜಾಹೀರಾತು ತೋರಿಸಿದ್ದು ನನ್ನ ತಂಗಿ. ಭೌತಶಾಸ್ತ್ರ ಓದಿರಬೇಕು, ಪ್ರೋಗ್ರಾಮಿಂಗ್ ಬರಬೇಕು, ಹಳ್ಳಿ ತಿರುಗಲು ಸಿದ್ಧವಿರಬೇಕು ಅಂತಿತ್ತು. ಸಂದರ್ಶನದ ಕೊನೆಯಲ್ಲಿ ಪ್ರೊಫೆಸರು ಕೇಳಿದರು: "ಕೆರೆ ಒಡೆದದ್ದು ನೋಡಿದ್ದೀರಾ?"

"ಇಲ್ಲ ಸರ್."

"ನಾನು ನೋಡಿದ್ದೀನಿ," ಅಂದರು.

ಕೆಲಸ ಸಿಕ್ಕಿತು. ಹಳೇ ಕೆರೆಗಳ ಏರಿಯಲ್ಲಿ ರಂಧ್ರ ಕೊರೆದು, ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಸೆನ್ಸರ್ ಇಳಿಸಬೇಕು. ಅದು ಕಳಿಸುವ ಅಂಕಿಗಳಿಂದ ಅಪಾಯವನ್ನು ಮೊದಲೇ ಹೇಳುವ ಪ್ರೋಗ್ರಾಂ ಬರೆಯಬೇಕು. ನನ್ನ ಪಾಲಿಗೆ ಬಂದದ್ದು ಹಗರೆ ಊರಿನಿಂದ ಒಳಗಿರುವ ಒಂದು ಕೆರೆ. ಏರಿಯ ಕೆಳಗೆ ಗದ್ದೆ, ಗದ್ದೆಯಂಚಿಗೆ ಕೆಲವು ಮನೆ.

ಆ ವರ್ಷ ಕೆರೆ ತುಂಬಿ ಕೋಡಿ ಬಿತ್ತು. ಊರವರು ಬಾಗಿನ ಕೊಟ್ಟರು, ನನಗೂ ಹೋಳಿಗೆ ಬಡಿಸಿದರು. ಆಮೇಲೆ ಮಳೆ ನಿಂತಿತು. ಕೆರೆಯ ನೀರು ಹೆಚ್ಚಲಿಲ್ಲ, ಆದರೆ ಏರಿಯೊಳಗಿನ ಒತ್ತಡ ದಿನೇದಿನೇ ಹೆಚ್ಚುತ್ತಿತ್ತು. ನಾನು ಬರೆದ ಪ್ರೋಗ್ರಾಂ ಅಪಾಯವಿದೆ ಎಂದು ತೋರಿಸಿತು. ಸೆನ್ಸರ್ ಕೆಟ್ಟಿರಬೇಕು ಅಂದರು ಪ್ರೊಫೆಸರು. ಬದಲಾಯಿಸಿದೆ. ಹೊಸದೂ ಅದನ್ನೇ ಹೇಳಿತು. ಏರಿಯ ಬುಡಕ್ಕಿಳಿದು ನೋಡಿದರೆ ಗದ್ದೆಗೆ ನೀರು ಬಿಡುವ ತೂಬಿನ ಪಕ್ಕ ನೀರು ಜಿನುಗುತ್ತಿತ್ತು. ಬೊಗಸೆಯಲ್ಲಿ ಹಿಡಿದೆ. ಕೆಂಪಗಿತ್ತು. ತಿಳಿನೀರಾದರೆ ಅಷ್ಟು ಭಯವಿಲ್ಲ. ಕೆಂಪು ನೀರೆಂದರೆ ಒಳಗಿನ ಮಣ್ಣು ಕೊಚ್ಚಿಕೊಂಡು ಬರುತ್ತಿದೆ ಎಂದರ್ಥ.

ಫೋನಿನಲ್ಲಿ ಪ್ರೊಫೆಸರ ದನಿ ಬದಲಾಯಿತು. "ತೂಬು ಎತ್ತಿಸಿ, ಈಗಲೇ. ನೀರಾವರಿ ಇಲಾಖೆ ಇಂಜಿನಿಯರಿಗೆ ನಾನು ಹೇಳ್ತೀನಿ."

ಪಂಚಾಯ್ತಿ ಮೆಂಬರು ಒಪ್ಪಲಿಲ್ಲ. "ಎಷ್ಟೋ ವರ್ಸಕ್ಕೆ ತುಂಬೈತೆ ಕಣಮ್ಮಾ. ನಿನ್ನ ಕಂಪ್ಯೂಟ್ರು ಹೇಳ್ತು ಅಂತ ನೀರು ಬಿಟ್ಬಿಡಾನಾ?"

"ಕಂಪ್ಯೂಟರ್ ಬಿಡಿ ಅಣ್ಣಾ. ಬಂದು ನೀರು ನೋಡಿ."

ಬಂದರು, ನೋಡಿದರು, ಪಂಚೆ ಎತ್ತಿ ಕಟ್ಟಿಕೊಂಡು ತೂಬಿನ ಕಡೆ ಓಡಿದರು. ತುಕ್ಕು ಹಿಡಿದ ತೂಬು ಅರ್ಧಕ್ಕೇ ನಿಂತಿತು. ಕತ್ತಲಾಗುವ ಮೊದಲು ಕೆಳಗಿನ ಮನೆಯವರನ್ನೆಲ್ಲ ಸ್ಕೂಲಿಗೆ ಸೇರಿಸಿದೆವು. ಹಸು ಬಿಟ್ಟು ಬರಲ್ಲ ಅಂತ ಹಟ ಹಿಡಿದ ಒಬ್ಬ ಅಜ್ಜಿಯ ಹಸುವನ್ನೂ ಸ್ಕೂಲಿನ ಅಂಗಳದಲ್ಲೇ ಕಟ್ಟಿದ್ದಾಯಿತು.

ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಏರಿ ಹೋಯಿತು. ಮೊದಲು ಲಾರಿಯಿಂದ ಮಣ್ಣು ಸುರಿದಂಥ ಸದ್ದು, ಆಮೇಲೆ ನೀರಿನದು. ಗದ್ದೆ ಕಾಣದಾಯಿತು. ಮನೆಗಳು ಒಂದೊಂದಾಗಿ ಕುಸಿದವು. ಯಾರೂ ಸಾಯಲಿಲ್ಲ.

ಅಜ್ಜಿ ನನ್ನ ಕೈ ಹಿಡಿದುಕೊಂಡಿದ್ದರು. ಹಿಂದಿನಿಂದ ಯಾರೋ ಅಂದರು: "ಇವ್ರು ಏರಿಗೆ ತೂತು ಹೊಡೆದಿದ್ದಕ್ಕೇ ಹಿಂಗಾಗಿದ್ದು." ಮೆಂಬರು ನೆಲ ನೋಡುತ್ತ ನಿಂತಿದ್ದರು. ಅಜ್ಜಿಯ ಕೈ ಮೆಲ್ಲಗೆ ಸಡಿಲವಾಯಿತು.

ಏರಿ ಒಡೆದದ್ದು ತೂಬಿನ ಹಳೇ ಕಲ್ಲುಗಳ ಸಂದಿಯಿಂದ, ನಮ್ಮ ರಂಧ್ರಗಳಿಂದಲ್ಲ ಎಂದು ನೀರಿಳಿದ ಮೇಲೆ ಪರೀಕ್ಷಿಸಿದಾಗ ಗೊತ್ತಾಯಿತು. ಪ್ರೊಫೆಸರು ಊರಿಗೆ ಹೋಗಿ ಫೋಟೋ ತೋರಿಸಿ ವಿವರಿಸಿದರು. ಜನ ಕೇಳಿಸಿಕೊಂಡರು, ಎದ್ದು ಹೋದರು.

ಪ್ರೋಗ್ರಾಂ ಸರಿಯಾಗಿ ಎಚ್ಚರಿಸಿತ್ತೆಂದು ವಿಶ್ವವಿದ್ಯಾಲಯ ಈಗ ಇನ್ನಷ್ಟು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದೆ. ಹೋದ ತಿಂಗಳು ಹೊಸಬರೊಂದಿಗೆ ಹಳೇಬೀಡಿನ ಕಡೆಯ ಇನ್ನೊಂದು ಕೆರೆಗೆ ಹೋದೆ. ತೂತು ಹೊಡೆದಿದ್ದಕ್ಕೇ ಏರಿ ಒಡೆಯಿತೆಂಬ ಸುದ್ದಿ ನಮಗಿಂತ ಮೊದಲೇ ತಲುಪಿತ್ತು. ಏರಿಯ ಮೇಲೆ ಸಾಲಾಗಿ ನಿಂತಿದ್ದ ಜನ ರಂಧ್ರ ಕೊರೆಯುವ ಮಿಶಿನ್ ಇಳಿಸಲು ಬಿಡಲಿಲ್ಲ. ಜೀಪು ತಿರುಗಿಸಿದೆವು.

ಮೊನ್ನೆಯಿಂದ ಮಳೆ ಹಿಡಿದಿದೆ. ಆ ಕೆರೆ ತುಂಬುತ್ತಿದೆಯಂತೆ. ಅದರ ಏರಿಯೊಳಗೆ ಏನಾಗುತ್ತಿದೆಯೋ, ತಿಳಿಯಲು ನಮಗೆ ದಾರಿಯಿಲ್ಲ.