ಮುಂಡಪ್ಪ ಕತ್ತಿ ಕಟ್ಟದ ಹಕ್ಕಿ

ಮುಂಡಪ್ಪನ ಎಡಗೈಯ ಕಿರುಬೆರಳನ್ನು ತೆಗೆದದ್ದು ಒಂದು ಹುಂಜ. ಅದಕ್ಕೆ ಅವನ ತಕರಾರಿಲ್ಲ. ಬಲಗೈ ಕೆಲಸಕ್ಕೆ ಬಾರದಂತಾಗಲು ಕಾರಣರಾದವರು ಮನುಷ್ಯರು, ನಮ್ಮ ಕಡೆಯವರೇ, ಊರವರ ಸಂಘದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು. ಆ ತಕರಾರನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ಸಿಟ್ಟು ಬಂದರೆ ಬರಲಿ.

ಬೆಳ್ತಂಗಡಿ ಕಡೆಯಿಂದ ಮುಂಬಯಿ ಹತ್ತಿರದ ಕಲ್ಯಾಣಕ್ಕೆ ಬಂದವನು ಮೊದಲು ಚಹಾದ ಕಪ್ಪು ತೊಳೆದ. ಆಮೇಲೆ ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ಪುಂಡರೀಕಾಕ್ಷನ ಹೋಟೆಲಿನಲ್ಲಿ ಇಡ್ಲಿಹಿಟ್ಟು ರುಬ್ಬುವ ಕೆಲಸಕ್ಕೆ ನಿಂತವನು ಅಲ್ಲೇ ಹಣ್ಣಾದ. ಮಲಗುವುದು ರುಬ್ಬುವ ಯಂತ್ರದ ಹಿಂದೆ, ಅಕ್ಕಿ ಮೂಟೆಗಳ ಮೇಲೆ. ಊರಿನಲ್ಲಿ ಹೆಂಡತಿ ಸುಂದರಿ ಬೀಡಿ ಕಟ್ಟುತ್ತಿದ್ದಳು. ಮುಂಡಪ್ಪನ ಹಿಟ್ಟಿನ ಇಡ್ಲಿ ತಿಂದವರು ಸಾವಿರಾರು ಮಂದಿ. ಅವನ ಹೆಸರು ಗೊತ್ತಿದ್ದದ್ದು ಮಾತ್ರ ಕೋಳಿಅಂಕದವರಿಗೆ.

ದಿವಾ ಸ್ಟೇಷನ್ನಿನ ಹಳಿಗಳನ್ನು ದಾಟಿ ಖಾಡಿಯ, ಅಂದರೆ ಕಡಲ ಹಿನ್ನೀರಿನ ಕಡೆ ನಡೆದರೆ ಉಪ್ಪುನೀರು ಒಣಗಿ ಬಿರಿದ ಬಯಲೊಂದಿದೆ. ಭಾನುವಾರ ಮಧ್ಯಾಹ್ನ ಅಲ್ಲಿ ನಮ್ಮವರು ಕೋಳಿ ಕಾದಿಸುತ್ತಾರೆ. ಹುಂಜದ ಕಾಲಿಗೆ ಸಣ್ಣ ಬಾಳುಕತ್ತಿ ಕಟ್ಟಿ ಬಿಡುವುದು. ಎರಡು ಹಾರು ಹಾರುವಷ್ಟರಲ್ಲಿ ಒಂದರ ಕರುಳು ಹೊರಗೆ. ಅದು ತನ್ನ ಕರುಳನ್ನೇ ತುಳಿದುಕೊಂಡು ಮತ್ತೆ ಹಾರುತ್ತದೆ, ಸುತ್ತ ನಿಂತವರು ಕೇಕೆ ಹಾಕುತ್ತಾರೆ. ಸತ್ತದ್ದು ಗೆದ್ದವನ ಮನೆಯ ಸಾರಿಗೆ. ಇದನ್ನು ಸಂಪ್ರದಾಯ ಎನ್ನುತ್ತಾರೆ. ಬೆರಳು ಹೋದ ಮೇಲೂ ಅಲ್ಲಿ ಕತ್ತಿ ಕಟ್ಟುತ್ತಿದ್ದವನು ಮುಂಡಪ್ಪ. ಅವನನ್ನು ನಾನು ಸಾಧು ಎಂದು ಕರೆಯುತ್ತಿಲ್ಲ. ಅವನ ಕೈಯಿಂದ ಹೊರಟ ಕತ್ತಿಗಳು ಎಷ್ಟು ಹೊಟ್ಟೆ ಸೀಳಿವೆಯೋ ಅವನಿಗೇ ಗೊತ್ತಿಲ್ಲ.

ಆದರೆ ಅವನದೊಂದು ಕಟ್ಟಳೆಯಿತ್ತು. ಕಟ್ಟುವ ಮೊದಲು ಹಕ್ಕಿಯ ಕಾಲನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತುತ್ತಿದ್ದ. ಹುಂಜ ತಿರುಗಿ ಒದ್ದರೆ ಕತ್ತಿ ಬಿಗಿಯುತ್ತಿದ್ದ. ಒದೆಯದಿದ್ದರೆ ಮಾತಿಲ್ಲದೆ ಯಜಮಾನನ ಕೈಗೆ ವಾಪಸು. ಕಾದುವ ಮನಸ್ಸಿಲ್ಲದ್ದಕ್ಕೆ ಕತ್ತಿ ಕಟ್ಟಿದರೆ ಅದು ಅಂಕವಲ್ಲ, ಕೊಲೆ ಎನ್ನುತ್ತಿದ್ದ. ಎಂಥ ಸಾಹುಕಾರನೇ ಆಗಲಿ, ಅವನ ಈ ತೀರ್ಪಿಗೆ ಎದುರಾಡುತ್ತಿರಲಿಲ್ಲ.

ತೊಂಬತ್ತಾರರ ಬೇಸಗೆಯಲ್ಲಿ ಪುಂಡರೀಕಾಕ್ಷನ ಭಾವನೆಂಟ, ಹಡಗಿನಲ್ಲಿ ಕೆಲಸಕ್ಕಿದ್ದವನು, ಬೆತ್ತದ ಬುಟ್ಟಿಯಲ್ಲಿ ಒಂದು ಹಕ್ಕಿ ತಂದುಕೊಟ್ಟ. ದೂರದ ದ್ವೀಪದ ಕಾಡುಕೋಳಿ ಅಂದ. ಕತ್ತಿನ ಸುತ್ತ ಹುಂಜದ ಹಾಗೆಯೇ ಇಳಿಬಿದ್ದ ಉದ್ದ ಗರಿಗಳು, ಮೈಯೆಲ್ಲ ಹಸಿರು ಮತ್ತು ತಾಮ್ರದ ಮಿಂಚು, ಮೋಟು ಬಾಲ ಮಾತ್ರ ಸುಣ್ಣ ಬಳಿದಂತೆ ಬಿಳಿ. ಜುಟ್ಟಿಲ್ಲ, ಕಾಲಲ್ಲಿ ಮುಳ್ಳಿಲ್ಲ, ಕೂಗಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅನುಮಾನ ಪಡುತ್ತಿದ್ದರು. ಅಂಕದವರು ಪಡಲಿಲ್ಲ. ಅವರಿಗೆ ಕೋಳಿ ಎಂದರೆ ಬಣ್ಣ: ಯಾವ ವಾರ ಯಾವ ಬಣ್ಣ ಗೆಲ್ಲುತ್ತದೆ, ಯಾವುದರ ಎದುರು ಯಾವುದನ್ನು ಬಿಡಬೇಕು ಎಂಬ ಲೆಕ್ಕವೇ ಅವರ ಶಾಸ್ತ್ರ. ಇಂಥ ಬಣ್ಣ ಯಾರ ಬುಟ್ಟಿಯಲ್ಲೂ ಇರಲಿಲ್ಲ. ಇದಕ್ಕೆ ಎದುರು ನಿಲ್ಲುವ ಬಣ್ಣವೇ ಇಲ್ಲ ಎಂದು ಪುಂಡರೀಕಾಕ್ಷ ಬೀಗಿದ. ಸಾಕಿ ಸಜ್ಜು ಮಾಡುವ ಕೆಲಸ ಮುಂಡಪ್ಪನಿಗೆ ಬಂತು.

ಗೂಡ್ಸ್ ಯಾರ್ಡಿನ ಹಮಾಲ ಮಾಪಣ್ಣ, ಕಲಬುರಗಿಯವನು, ದಿನಾ ಚಹಾಕ್ಕೆ ಹಿಂಬಾಗಿಲಿಗೆ ಬರುತ್ತಿದ್ದ. ಹಕ್ಕಿಯನ್ನು ನೋಡಿದವನೇ ನಕ್ಕ.

"ಮುಂಡಪ್ಪಣ್ಣ, ಇದು ಹುಂಜ ಅಲ್ಲೋ ಯಪ್ಪಾ. ಪಾರಿವಾಳ ಅದ. ಸೇಠ್ ಮಂದಿ ಪಾರಿವಾಳಾನ ಕುಸ್ತಿಗಿ ಬಿಡ್ತಾರೇನು?"

ಮುಂಡಪ್ಪ ದಿನಾ ಅದರ ಕಾಲು ಒತ್ತಿ ನೋಡುತ್ತಿದ್ದ. ಒಮ್ಮೆಯೂ ಒದೆಯಲಿಲ್ಲ. ಕಡಲೆಕಾಳನ್ನು ಇಡಿಯಾಗಿ ನುಂಗಿ, ಅವನ ಮೊಣಕೈ ಸಂದಿಯಲ್ಲಿ ತಲೆ ಹುದುಗಿಸಿ ಕೂರುತ್ತಿತ್ತು.

ಆ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ನಾಗವೇಣಿ ಟೀಚರ್ ಒಂದು ದಿನ ಕೈ ತೊಳೆಯಲು ಹಿಂದಕ್ಕೆ ಹೋದವರು ಬುಟ್ಟಿ ನೋಡಿ ಅಲ್ಲೇ ನಿಂತರು. ಡೊಂಬಿವಲಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು. ಅದು ನಿಕೋಬಾರ್ ಪಾರಿವಾಳ ಎಂದರು. ನಮ್ಮ ದೇಶದಲ್ಲಿ ಅದಕ್ಕೆ ಆ ದ್ವೀಪಗಳು ಬಿಟ್ಟರೆ ಮನೆಯಿಲ್ಲ, ಇಡುವುದು ಒಂದೇ ಮೊಟ್ಟೆ, ಮಾಂಸಕ್ಕೂ ಪಂಜರಕ್ಕೂ ಹಿಡಿದು ಹಿಡಿದು ಕಡಿಮೆಯಾಗುತ್ತಿದೆ, ಕಾನೂನಿನಲ್ಲಿ ಹುಲಿಯನ್ನು ಇಟ್ಟಿರುವ ಪಟ್ಟಿಯಲ್ಲೇ ಇದನ್ನೂ ಇಟ್ಟಿದ್ದಾರೆ, ಇಟ್ಟುಕೊಂಡರೂ ಜೈಲು ಎಂದು ಪುಂಡರೀಕಾಕ್ಷನಿಗೆ ತಿಳಿಸಿ ಹೇಳಿದರು. ಅವನು ಕೈ ಮುಗಿದು, ನಾಳೆಯೇ ಒಪ್ಪಿಸುತ್ತೇನೆ ಟೀಚರ್ ಎಂದ.

ನಾಳೆ ಭಾನುವಾರ. ಒಪ್ಪಿಸಿದರೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ, ಭಾವ ಸಿಕ್ಕಿಬೀಳುತ್ತಾನೆ. ಅಂಕದಲ್ಲಿ ಬಿಟ್ಟರೆ ಗೆದ್ದರೂ ಹೆಸರು, ಸತ್ತರೂ ಸಾರು. ಹೊಟ್ಟೆಗೆ ಹೋದ ಹಕ್ಕಿಗೆ ಸಾಕ್ಷಿ ಎಲ್ಲಿಯದು? ವಿರಳ ಎಂಬ ಮಾತು ಟೀಚರಿಗೆ ಉಳಿಸಬೇಕಾದದ್ದು ಎಂದು ಕೇಳಿಸಿತು. ಪುಂಡರೀಕಾಕ್ಷನಿಗೆ ಬೇಗ ಮುಗಿಸಬೇಕಾದದ್ದು ಎಂದು. ನಮ್ಮ ಊರುಗಳಲ್ಲಿ ಈ ಎರಡನೆಯ ಕಿವಿಯವರೇ ಹೆಚ್ಚು.

ಭಾನುವಾರ ಬಯಲಿನಲ್ಲಿ ಜನ ಕಿಕ್ಕಿರಿದಿದ್ದರು. ಎದುರಿಗೆ ಬಿಟ್ಟದ್ದು ಕೆಂಪು ಹುಂಜ, ಆಗಲೇ ಒಂದನ್ನು ಸೀಳಿ ರಕ್ತ ಮೆತ್ತಿಕೊಂಡಿತ್ತು. ಮುಂಡಪ್ಪ ಪಾರಿವಾಳದ ಕಾಲನ್ನು ಕೊನೆಯ ಸಲ ಒತ್ತಿದ. ಕತ್ತಿಯನ್ನು ನೆಲದ ಮೇಲಿಟ್ಟ.

"ಇದು ಒದೆಯುವುದಿಲ್ಲ ಧಣಿ. ನಾನು ಕಟ್ಟುವುದಿಲ್ಲ."

"ನಿನ್ನನ್ನು ಯಾರು ಕೇಳಿದ್ದು ಮಾರಾಯ? ಕಟ್ಟು ಅಂದ್ರೆ ಕಟ್ಟು."

"ಕೊಲ್ಲುವುದಾದ್ರೆ ನೀವೇ ಕಟ್ಟಿ."

ಕೆನ್ನೆಗೆ ಬಿದ್ದ ಏಟು ಅಷ್ಟೂ ಜನಕ್ಕೆ ಕೇಳಿಸಿತು. ಪುಂಡರೀಕಾಕ್ಷ ಹಕ್ಕಿಯನ್ನು ಕಿತ್ತುಕೊಂಡು ತಾನೇ ಕತ್ತಿ ಬಿಗಿದ. ಎಷ್ಟು ಒರಟಾಗಿ ಬಿಗಿದನೆಂದರೆ ದಾರ ಚರ್ಮಕ್ಕೆ ಕಚ್ಚಿ ರಕ್ತ ಬಂತು. ನಡುವೆ ಬಿಟ್ಟ. ಹಾರಿಹೋಗದಂತೆ ರೆಕ್ಕೆಯ ಗರಿಗಳನ್ನು ಮೊದಲೇ ಕತ್ತರಿಸಿದ್ದರು. ಹಕ್ಕಿ ಕತ್ತಿಯ ಭಾರಕ್ಕೆ ಕುಂಟಿ, ಮಣ್ಣಿಗೆ ಎದೆಯಾನಿಸಿ ಕುಳಿತುಬಿಟ್ಟಿತು. ಜನ ನಕ್ಕರು. ಕೆಂಪು ಹುಂಜ ಕತ್ತಿನ ಗರಿ ಕೆದರಿ ಮುಂದೆ ಬಂತು.

ಕತ್ತಿ ಕಟ್ಟಿದ ಹಕ್ಕಿಗಳು ಒಳಗಿದ್ದಾಗ ಯಾರೂ ಒಳಗೆ ಕಾಲಿಡುವಂತಿಲ್ಲ. ಈ ನಿಯಮವನ್ನು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವನೇ ಮುಂಡಪ್ಪ. ಅವನೇ ಒಳಗೆ ಬಿದ್ದ. ಪಾರಿವಾಳದ ಮೇಲೆ ಬಲಗೈ ಮುಚ್ಚಿದ. ಹುಂಜ ಹಾರಿತು. ಮುಂಗೈಯಿಂದ ಬೆರಳ ಬುಡದವರೆಗೆ ಕೈಯ ಮೇಲ್ಭಾಗ ಸೀಳಿ, ಒಳಗಿನ ಬಿಳಿ ನರಗಳು ಕಂಡವು. ಅವನು ಹಕ್ಕಿಯನ್ನು ಹೊಟ್ಟೆಯಡಿಗೆ ಎಳೆದುಕೊಂಡು ಬೋರಲು ಮಲಗಿದ.

ಆಮೇಲೆ ಹುಂಜದ ಕೆಲಸವನ್ನು ಮನುಷ್ಯರು ವಹಿಸಿಕೊಂಡರು. ಬಾಜಿ ಕಟ್ಟಿದವರು ಅವನ ಬೆನ್ನಿಗೆ ಒದ್ದರು, ಪಕ್ಕೆಗೆ ಒದ್ದರು. ಒಬ್ಬ ಕಲ್ಲು ಎತ್ತಿ ಭುಜಕ್ಕೆ ಹಾಕಿದ. ಮುಂಡಪ್ಪ ಮಗುಚಲಿಲ್ಲ. ಬಿಡಿಸಲು ನುಗ್ಗಿದ ಮಾಪಣ್ಣನ ಹಲ್ಲೂ ಮುರಿಯಿತು. ಹಳಿಯ ಕಡೆಯಿಂದ ಪೊಲೀಸ್ ಜೀಪು ಬಂದಾಗಲೇ ಒದೆ ನಿಂತದ್ದು. ಪುಂಡರೀಕಾಕ್ಷನ ಮಾತನ್ನು ನಂಬದೆ ನಾಗವೇಣಿ ಟೀಚರ್ ದೂರು ಕೊಟ್ಟು ಆ ಜೀಪಿನಲ್ಲೇ ಬಂದಿದ್ದರು. ಓಡುವವರು ಓಡಿದರು. ಉಳಿದವನು ಒಬ್ಬ, ಹೊಟ್ಟೆಯಡಿ ಜೀವಂತ ಹಕ್ಕಿ, ಅದರ ಕಾಲಲ್ಲಿ ಕತ್ತಿ. ದೂರಿನಲ್ಲಿ ಪುಂಡರೀಕಾಕ್ಷನ ಹೆಸರಿದ್ದರೂ ಪೊಲೀಸರಿಗೆ ಆರೋಪಿಯನ್ನು ಹುಡುಕುವ ಕಷ್ಟವೇ ಬೀಳಲಿಲ್ಲ.

ಹಕ್ಕಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮುಂದಿನ ಸೀಟಿನಲ್ಲಿ ಟೀಚರ್ ತೊಡೆಯ ಮೇಲೆ ಇಟ್ಟರು. ಮುಂಡಪ್ಪನನ್ನು ಹಿಂದೆ ಕಬ್ಬಿಣದ ನೆಲಕ್ಕೆ ಎಸೆದರು. ಹಕ್ಕಿಗೆ ಅಂದೇ ಔಷಧಿ ಆಯಿತು. ಇವನ ಕೈಗೆ ಹೊಲಿಗೆ ಬಿದ್ದದ್ದು ಮರುದಿನ, ಅದೂ ಮಾಪಣ್ಣ ಠಾಣೆಯ ಬಾಗಿಲಲ್ಲಿ ಕೂತು ಜಗಳ ತೆಗೆದ ಮೇಲೆ. ಹಕ್ಕಿ ಬದುಕಲಿ, ನೂರು ಕಾಲ ಬದುಕಲಿ. ಆದರೆ ರುಬ್ಬುವವನನ್ನು ಯಾವ ಪಟ್ಟಿಯಲ್ಲಿ ಇಟ್ಟಿದ್ದೀರಿ ಸ್ವಾಮಿ?

ಕೇಸು ಕಲ್ಯಾಣದ ಕೋರ್ಟಿಗೆ ಬಂತು. ಅದಕ್ಕೆ ಮೊದಲು ಪುಂಡರೀಕಾಕ್ಷ ವಕೀಲನನ್ನು ಇಟ್ಟುಕೊಟ್ಟ, ಹಣ್ಣು ತಂದ, ಪಕ್ಕದಲ್ಲಿ ಕೂತು ಬುದ್ಧಿ ಹೇಳಿದ. ಹಕ್ಕಿ ನನ್ನದೇ, ಕಟ್ಟಿದ್ದೂ ನಾನೇ ಎಂದುಬಿಡಬೇಕು. ಹೊರಗೆ ಬಂದ ಮೇಲೆ ಮಲಗುವ ಜಾಗ, ಎರಡು ಹೊತ್ತಿನ ಊಟ ಸಾಯುವವರೆಗೆ ಇದ್ದೇ ಇದೆ. ಇಲ್ಲದಿದ್ದರೆ ಆ ಕೈ ಇಟ್ಟುಕೊಂಡು ಯಾವ ಹೋಟೆಲಿಗೆ ಹೋಗುತ್ತಿ ಎಂದೂ ಕೇಳಿದ. ಅದು ಸುಳ್ಳಲ್ಲ. ಮುಂಡಪ್ಪ ತಲೆಯಾಡಿಸಿದ್ದನ್ನು ಅವನು ಒಪ್ಪಿಗೆ ಎಂದುಕೊಂಡ.

ಕಟಕಟೆಯಲ್ಲಿ ಹಕ್ಕಿ ಯಾರದೆಂದು ಕೇಳಿದರು. ಪುಂಡರೀಕಾಕ್ಷ ಹಿಂದಿನ ಬೆಂಚಿನಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೂತಿದ್ದ.

"ಸಾಕಿದ್ದು ನಾನು. ಕತ್ತಿ ಕಟ್ಟಿದ್ದು ನಾನಲ್ಲ, ಅವರು."

ಯಾರು, ತೋರಿಸು ಎಂದರು. ಮುಂಡಪ್ಪ ಬಲಗೈ ಎತ್ತಿದ. ನರ ಕಡಿದ ಕೈ, ಬೆರಳು ನೆಟ್ಟಗಾಗಲಿಲ್ಲ. ಮಡಚಿಕೊಂಡ ಮುಷ್ಟಿಯನ್ನೇ ಹಿಂದಿನ ಬೆಂಚಿನ ಕಡೆಗೆ ಚಾಚಿ ಹಿಡಿದ.